ಹದಿಹರೆಯದ ಮಕ್ಕಳ ಅಪಾಯದ ಸಾಹಸಗಳು: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಮಗನ ಬ್ಯಾಗಿನಲ್ಲಿ ವೇಪ್ (ಇ-ಸಿಗರೇಟು) ಸಿಗುತ್ತದೆ. ಅಥವಾ ಮಗಳು ಲೈಸೆನ್ಸ್ ಇಲ್ಲದ ಹುಡುಗನ ಬೈಕ್ ಹತ್ತಿ ಹೋಗಿದ್ದು ಗೊತ್ತಾಗುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ. ಮೊದಲು ಕೂಗಾಟ. ಆಮೇಲೆ ಫೋನ್ ಕಿತ್ತಿಟ್ಟುಕೊಳ್ಳುವುದು. ಅದಾದ ಮೇಲೆ ಒಂದು ಗಂಟೆ ಬುದ್ಧಿಮಾತು, ಕೊನೆಗೆ ಆಣೆ ಪ್ರಮಾಣ. ಎರಡು ವಾರ ಎಲ್ಲ ಶಾಂತ. ಆಮೇಲೆ ಅದೇ ಕೆಲಸ ಮತ್ತೆ ಶುರು, ಈ ಸಲ ಇನ್ನೂ ಗುಟ್ಟಾಗಿ.

ಇಲ್ಲಿ ಎಡವುವುದು ಹೆಜ್ಜೆಗಳ ಕ್ರಮದಲ್ಲಿ. ಕೊನೆಗೆ ಬರಬೇಕಾದ ಶಿಕ್ಷೆ ಮೊದಲು ಬಂದುಬಿಡುತ್ತದೆ. ಮೊದಲು ಆಗಬೇಕಾದ ಕೆಲಸಗಳು ಆಗುವುದೇ ಇಲ್ಲ. ಹಾಗಾಗಿ ಈ ಮಾರ್ಗದರ್ಶಿಯನ್ನು ಕ್ರಮ ತಪ್ಪಿಸದೆ ಓದಿ. ನಾಲ್ಕನೇ ಹಂತಕ್ಕೆ ನೇರವಾಗಿ ಹಾರಬೇಡಿ, ಎಲ್ಲರಿಗೂ ಅಲ್ಲೇ ಆತುರ.

ಇಲ್ಲಿ ಹೇಳಿರುವುದು ಸುಮಾರು 10ರಿಂದ 19 ವರ್ಷದವರ ಬಗ್ಗೆ. ಸಿಗರೇಟು, ವೇಪ್, ಮದ್ಯ, ಅತಿವೇಗ, ವೀಲಿಂಗ್, ಆನ್‌ಲೈನ್ ಚಾಲೆಂಜ್, ಎತ್ತರದಿಂದ ಜಿಗಿಯುವುದು, ಗೊತ್ತಿಲ್ಲದ ನೀರಿಗೆ ಇಳಿಯುವುದು, ಅಪರಿಚಿತರಿಗೆ ಫೋಟೋ ಕಳಿಸುವುದು, ಹಣ ಕಟ್ಟಿ ಆಡುವುದು, ಎಲ್ಲಕ್ಕೂ ಹೆಜ್ಜೆಗಳು ಬಹುಪಾಲು ಒಂದೇ.

## ಶುರು ಮಾಡುವ ಮುನ್ನ ಗೊತ್ತಿರಬೇಕಾದ ಎರಡು ಸಂಗತಿ

ಒಂದು, ಮಕ್ಕಳಿಗೆ ಅಪಾಯ ಗೊತ್ತಿರುತ್ತದೆ. ಸುಮ್ನೆ ಕೂರಿಸಿ ಕೇಳಿದರೆ 16ರ ಹುಡುಗ ಲಾಭ ನಷ್ಟವನ್ನು ಹೆಚ್ಚುಕಡಿಮೆ ದೊಡ್ಡವರಂತೆಯೇ ತೂಗಿ ಹೇಳುತ್ತಾನೆ. ಗೆಳೆಯರು ಸುತ್ತ ನಿಂತಿದ್ದಾಗ, ಮೈ ಬಿಸಿಯಾಗಿದ್ದಾಗ, ಆ ಲೆಕ್ಕ ತಪ್ಪುತ್ತದೆ. ಖುಷಿ, ಬಹುಮಾನ, ಹೊಗಳಿಕೆಗೆ ಸ್ಪಂದಿಸುವ ಮೆದುಳಿನ ಭಾಗ ಈ ವಯಸ್ಸಿನಲ್ಲಿ ಬಹಳ ಚುರುಕು. ಬ್ರೇಕ್ ಹಾಕಬೇಕಾದ ಮುಂಭಾಗ ಪೂರ್ತಿ ಬೆಳೆಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಗೆಳೆಯರ ಎದುರು ಆಡುವಾಗ 13ರಿಂದ 16ರವರು ಒಬ್ಬರೇ ಆಡುವುದಕ್ಕಿಂತ ಎಷ್ಟೋ ಜಾಸ್ತಿ ಅಪಾಯಕ್ಕೆ ಒಡ್ಡಿಕೊಂಡರು. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಬರಲಿಲ್ಲ.

ಹಾಗಾದರೆ ಶ್ವಾಸಕೋಶದ ಚಿತ್ರ ತೋರಿಸಿ ಒಂದು ಗಂಟೆ ಪಾಠ ಮಾಡಿದರೆ ಏನು ಸಿಗುತ್ತದೆ? ಗೊತ್ತಿರುವುದನ್ನೇ ಮತ್ತೆ ಹೇಳಿದ ಹಾಗಾಯಿತು, ಅಷ್ಟೇ.

ಎರಡು, ಮಕ್ಕಳು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ತಂದೆ ತಾಯಿಗೆ ಗೊತ್ತಿದ್ದರೆ ಅನಾಹುತ ಕಡಿಮೆ. ಇದು ಬಹುಕಾಲದಿಂದ ಎಲ್ಲರೂ ಒಪ್ಪಿದ ಮಾತು. ಆದರೆ ಆ ವಿಷಯ ಅವರಿಗೆ ತಿಳಿಯುವುದು ಹೇಗೆ? ಸ್ವೀಡನ್ನಿನಲ್ಲಿ ಹೋಕಾನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಇದನ್ನೇ ಕೆದಕಿ ನೋಡಿದರು. 2000ದಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ತಂದೆ ತಾಯಿಗೆ ತಿಳಿದಿದ್ದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿಯೇ ಹೇಳಿದ್ದು. ಕಾವಲು, ತಪಾಸಣೆಯಿಂದ ಬಂದದ್ದು ಕಡಿಮೆ.

ಮುಂದಿನ ಎಲ್ಲ ಹಂತಗಳೂ ಈ ಎರಡನೇ ಸಂಗತಿಯ ಮೇಲೆ ನಿಂತಿವೆ. ನಿಮ್ಮ ಯಾವುದೇ ಹೆಜ್ಜೆ ಮಗುವಿನ ಬಾಯಿ ಮುಚ್ಚಿಸುವಂತಿದ್ದರೆ, ಆ ಹೆಜ್ಜೆಯನ್ನು ಆದಷ್ಟು ತಡವಾಗಿ ಇಡಿ.

## ಕೈಯಲ್ಲಿ ಏನೇನು ಇರಬೇಕು

ಹೆಚ್ಚೇನೂ ಬೇಡ. ಒಂದು ನೋಟ್‌ಬುಕ್, ಬೀಗ ಹಾಕಬಹುದಾದ ಒಂದು ಪೆಟ್ಟಿಗೆ ಅಥವಾ ಕಪಾಟು, ನಿಮ್ಮ ಪ್ರದೇಶದ ತುರ್ತು ಸಹಾಯದ ನಂಬರ್, ಒಬ್ಬ ವೈದ್ಯರ ನಂಬರ್. ಇವು ಮೊದಲೇ ಫೋನಿನಲ್ಲಿ ಇರಲಿ.

ಜೊತೆಗೆ ಇನ್ನೊಬ್ಬ ದೊಡ್ಡವರು ಬೇಕು. ಚಿಕ್ಕಪ್ಪ, ಅತ್ತೆ, ಮಾವ, ಕೋಚ್, ಯಾರಾದರೂ ಸರಿ. ಮಗು ಅವರ ಹತ್ತಿರ ಮನಬಿಚ್ಚಿ ಮಾತಾಡುವಂತಿರಬೇಕು. ಅವರು ಕೇಳಿದ್ದನ್ನೆಲ್ಲ ನಿಮಗೆ ಬಂದು ವರದಿ ಒಪ್ಪಿಸಬಾರದು. ಪ್ರಾಣಕ್ಕೆ ಕುತ್ತು ಬರುವ ವಿಷಯ ಮಾತ್ರ ಹೇಳಬೇಕು. ಇದನ್ನು ಮಗುವಿಗೂ ಅವರಿಗೂ ಮೊದಲೇ ತಿಳಿಸಿಬಿಡಿ.

ಗುಟ್ಟಾಗಿ ಫೋನ್ ಪತ್ತೆ ಹಚ್ಚುವ ಆ್ಯಪ್ ಈ ಪಟ್ಟಿಯಲ್ಲಿ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಸಿಕ್ಕಿಬಿದ್ದ ದಿನ ನೀವು ಕಳೆದುಕೊಳ್ಳುವುದು, ಅದರಿಂದ ತಿಳಿದುಕೊಂಡದ್ದಕ್ಕಿಂತ ದೊಡ್ಡದು. ಮಗುವಿಗೆ ಹೇಳಿ, ಒಪ್ಪಿಸಿ, ಇಬ್ಬರ ಫೋನಿನಲ್ಲೂ ಲೊಕೇಶನ್ ಹಂಚಿಕೊಳ್ಳುವುದು ಬೇರೆ ವಿಷಯ. ಅದು ಸರಿಯೇ.

## ಹಂತ 1: ಎಷ್ಟು ಅಪಾಯ ಎಂದು ಮೊದಲು ಅಳೆಯಿರಿ

ಎಲ್ಲ ಸಾಹಸವೂ ಒಂದೇ ತೂಕದ್ದಲ್ಲ. ಒಂದು ಸಲ ಗೆಳೆಯನ ಸಿಗರೇಟು ಎಳೆದು ಕೆಮ್ಮಿದ್ದಕ್ಕೂ, ಮದ್ಯ ಕುಡಿದು ಬೈಕ್ ಓಡಿಸಿದ್ದಕ್ಕೂ ಒಂದೇ ರಂಪ ಮಾಡಿದರೆ ಮಗು ಕಲಿಯುವುದು ತಪ್ಪು ಪಾಠ: "ಏನೇ ಮಾಡಿದರೂ ಬೈಗುಳ ಒಂದೇ."

ಮೂರು ಗುಂಪು ಮಾಡಿಕೊಳ್ಳಿ.

ಈ ಕ್ಷಣದ ಅಪಾಯ. ಎಬ್ಬಿಸಿದರೂ ಏಳದ ಮಗು, ಮಾತ್ರೆ ನುಂಗಿದ ಮಗು, ಸಾಯುವ ಮಾತಾಡುತ್ತಿರುವ ಮಗು, ಕುಡಿದು ಗಾಡಿ ಹತ್ತಲು ಹೊರಟವನು. ಅಂಟು, ಥಿನ್ನರ್, ಸ್ಪ್ರೇ ಮೂಸುವುದು ಕೂಡ ಇದೇ ಗುಂಪಿಗೆ ಸೇರಿದ್ದು. ಅದರಲ್ಲಿ ಮೊದಲನೇ ಸಲವೇ ಹೃದಯ ನಿಂತು ಸಾವು ಬರಬಹುದು. ಉಸಿರು ಕಟ್ಟಿಸಿಕೊಳ್ಳುವ ಚಾಲೆಂಜೂ ಹಾಗೆಯೇ. ಇಲ್ಲಿ ಉಳಿದ ಹಂತಗಳೆಲ್ಲ ಕಾಯಲಿ, ಜೀವ ಉಳಿಸುವ ಕೆಲಸ ಮೊದಲು.

ಮರುಕಳಿಸುವ ಅಪಾಯ. ಮತ್ತೆ ಮತ್ತೆ ಆಗುತ್ತಿದೆ, ಹೆಚ್ಚುತ್ತಿದೆ, ಅಥವಾ ಒಬ್ಬನೇ ಇದ್ದಾಗಲೂ ಮಾಡುತ್ತಿದ್ದಾನೆ. ಈ ಮಾರ್ಗದರ್ಶಿ ಮುಖ್ಯವಾಗಿ ಈ ಗುಂಪಿಗೆ.

ರುಚಿ ನೋಡುವ ಪ್ರಯೋಗ. ಒಂದೆರಡು ಸಲ, ಗೆಳೆಯರ ಜೊತೆ, ಕುತೂಹಲಕ್ಕೆ. ಇದಕ್ಕೆ ಒಂದು ಒಳ್ಳೆಯ ಮಾತುಕತೆ ಸಾಕು, ಎಂಟೂ ಹಂತ ಬೇಡ.

ಮದ್ಯ ಕುಡಿದು ಮಲಗಿದ ಮಗುವಿನ ವಿಷಯದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. "ಮಲಗಿ ಎದ್ದರೆ ಸರಿಹೋಗುತ್ತಾನೆ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಹಾಗೆ ಮಾಡಲೇಬೇಡಿ. ಎಬ್ಬಿಸಲು ಆಗದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ 10 ಸೆಕೆಂಡು ಅಥವಾ ಹೆಚ್ಚಿನ ಬಿಡುವು, ನೀಲಿ ತುಟಿ, ತಣ್ಣಗಿನ ಮೈ, ಫಿಟ್ಸ್, ನಿದ್ದೆಯಲ್ಲೇ ವಾಂತಿ. ಇವುಗಳಲ್ಲಿ ಒಂದು ಕಂಡರೂ ತುರ್ತು ಸಹಾಯಕ್ಕೆ ಕರೆ ಮಾಡಿ. ಅವರು ಬರುವವರೆಗೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು, ಬೆರಳಿಟ್ಟು ವಾಂತಿ ಮಾಡಿಸುವುದು ಬೇಡ. ಒಂಟಿಯಾಗಿ ಬಿಡಬೇಡಿ. ಏನು ಕುಡಿದ, ಎಷ್ಟು ಕುಡಿದ ಎಂದು ಗೆಳೆಯರನ್ನು ಕೇಳುವಾಗ "ನಿಮಗೆ ಯಾರೂ ಬೈಯಲ್ಲ, ಹೇಳಿ" ಎನ್ನಿ. ಅವರು ಹೆದರಿ ಸುಳ್ಳು ಹೇಳಿದರೆ ಡಾಕ್ಟರಿಗೂ ಕಷ್ಟ.

## ಹಂತ 2: ಮಾತಿಗೆ ಮೊದಲು ಮನೆಯನ್ನು ಸರಿ ಮಾಡಿ

ಈ ಹಂತಕ್ಕೆ ಮಗುವಿನ ಒಪ್ಪಿಗೆ ಬೇಕಿಲ್ಲ, ಮಾತೂ ಬೇಕಿಲ್ಲ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಹಾಗಿದ್ದೂ ಜನ ಬಿಟ್ಟುಬಿಡುವುದು ಇದನ್ನೇ.

ಹಳೇ ಮಾತ್ರೆಗಳನ್ನು ಮನೆಯಿಂದ ಆಚೆ ಹಾಕಿ. ಬೇಕಾದವನ್ನು ಎಣಿಸಿ ಬೀಗದೊಳಗೆ ಇಡಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಅಜ್ಜ ಅಜ್ಜಿಯ ಔಷಧಿಗಳೂ ಇದರಲ್ಲಿ ಸೇರಬೇಕು. ಮದ್ಯವಿದ್ದರೆ ಅದಕ್ಕೂ ಬೀಗ. ಕೀಟನಾಶಕ, ಆಯುಧ ಇದ್ದರೆ ಅವು ಮನೆಯಲ್ಲಿ ಇರದಿರುವುದೇ ವಾಸಿ. ಈ ವಯಸ್ಸಿನಲ್ಲಿ ಎಷ್ಟೋ ಅನಾಹುತಗಳು ಕೆಲವೇ ನಿಮಿಷಗಳ ಉದ್ವೇಗದಲ್ಲಿ ನಡೆಯುತ್ತವೆ. ಆ ನಿಮಿಷಗಳಲ್ಲಿ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಗಾಡಿ ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದರೆ ತೆಗೆದಿಡಿ. ರಸ್ತೆ ಅಪಘಾತವೇ ಜಗತ್ತಿನಾದ್ಯಂತ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಾಗಿ ವೇಪ್ ಬಗ್ಗೆ ತಲೆ ಕೆಡಿಸಿಕೊಂಡು ಕೀಲಿಯ ಬಗ್ಗೆ ಸುಮ್ಮನಿರುವುದು ತಲೆಕೆಳಗಾದ ಲೆಕ್ಕ. ಬೈಕಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಹೆಲ್ಮೆಟ್ ಇರಲಿ. ಅಪಘಾತವಾದಾಗ ಅದು ಸಾವಿನ ಸಾಧ್ಯತೆಯನ್ನು ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಸಾಧ್ಯತೆಯನ್ನು ಸುಮಾರು 69 ಶೇಕಡಾ ತಗ್ಗಿಸುತ್ತದೆ. ನೀವೇ ಹೆಲ್ಮೆಟ್ ಹಾಕದೆ ಹೊರಟರೆ ಮಾತ್ರ ಈ ಅಂಕಿಗಳನ್ನು ಮಗುವಿಗೆ ಹೇಳುವ ಗೋಜಿಗೆ ಹೋಗಬೇಡಿ.

ಇನ್ನು ನಿದ್ದೆ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ, ಅದನ್ನು ಸೋಮಾರಿತನ ಅನ್ನಬೇಡಿ. ನಿದ್ದೆಗೆಟ್ಟ ತಲೆ ಸಿಟ್ಟಿಗೂ ದುಡುಕಿಗೂ ಬೇಗ ಬಲಿಯಾಗುತ್ತದೆ. ರಾತ್ರಿ ಎಲ್ಲರ ಫೋನೂ ಮಲಗುವ ಕೋಣೆಯ ಆಚೆ ಚಾರ್ಜ್ ಆಗಲಿ. "ಎಲ್ಲರ" ಅಂದರೆ ನಿಮ್ಮದೂ ಸೇರಿ.

## ಹಂತ 3: ಎರಡು ವಾರ ಸುಮ್ಮನೆ ಗಮನಿಸಿ, ಬರೆದಿಡಿ

ಎರಡನೇ ಗುಂಪಿನ ಅಪಾಯಕ್ಕೆ ಮಾತ್ರ ಈ ಕಾಯುವಿಕೆ. ಮೊದಲನೇ ಗುಂಪಿಗೆ ಕಾಯುವ ಮಾತೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತಿ ಘಟನೆಗೆ ಮೂರು ಸಾಲು ಬರೆಯಿರಿ: ಅದಕ್ಕಿಂತ ಮೊದಲು ಏನಾಗಿತ್ತು, ಆಗ ಯಾರಿದ್ದರು, ಆಮೇಲೆ ಮಗುವಿಗೆ ಏನು ಸಿಕ್ಕಿತು. ಮೂರನೇ ಸಾಲು ಬಹಳ ಮುಖ್ಯ. ಏನೂ ಸಿಗದಿದ್ದರೆ ಯಾರೂ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡುವುದಿಲ್ಲ ಅಲ್ವಾ? ಗೆಳೆಯರ ಚಪ್ಪಾಳೆ ಸಿಕ್ಕಿರಬಹುದು. ಬೇಜಾರು ಕಳೆದಿರಬಹುದು. ಮನೆಯ ಜಗಳದಿಂದ ಎರಡು ಗಂಟೆ ಬಿಡುಗಡೆ ಸಿಕ್ಕಿರಬಹುದು.

ಎರಡು ವಾರದ ನಂತರ ಓದಿದರೆ ಸಾಮಾನ್ಯವಾಗಿ ಒಂದು ಜಾಡು ಕಾಣುತ್ತದೆ.

ಗೆಳೆಯರಿದ್ದಾಗ ಮಾತ್ರ ಆಗುತ್ತಿದ್ದರೆ ನಿಮಗೆ ಮುಖ್ಯವಾದದ್ದು ಆರನೇ ಹಂತ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಆಗುತ್ತಿದ್ದರೆ ಆ ಎರಡು ಮೂರು ಗಂಟೆ ತುಂಬುವುದೇ ಅರ್ಧ ಪರಿಹಾರ, ಅದು ಏಳನೇ ಹಂತ. ಅಂಕ ಕಡಿಮೆ ಬಂದಾಗ, ಮನೆಯಲ್ಲಿ ಜಗಳವಾದಾಗ, ಯಾರೋ ಅವಮಾನ ಮಾಡಿದಾಗ ಆಗುತ್ತಿದ್ದರೆ ಅದು ಸಾಹಸವಲ್ಲ, ನೋವಿಗೆ ಮಗು ತಾನೇ ಹುಡುಕಿಕೊಂಡ ಮದ್ದು. ಅಲ್ಲಿ ನಿಯಮ ಬಿಗಿ ಮಾಡಿದರೆ ನೋವು ಇನ್ನಷ್ಟು ಒಳಗೆ ಇಳಿಯುತ್ತದೆ. ಒಬ್ಬನೇ ಇದ್ದಾಗ, ಯಾರಿಗೂ ಹೇಳದೆ, ಖುಷಿಯೂ ಇಲ್ಲದೆ ಮಾಡುತ್ತಿದ್ದರೆ ಕೊನೆಯ ಭಾಗಕ್ಕೆ ಹೋಗಿ, ವೈದ್ಯರನ್ನು ನೋಡಿ.

ಕೈ ಕೊಯ್ದುಕೊಳ್ಳುವುದನ್ನು "ಶೋಕಿ" ಎಂದೋ "ಗಮನ ಸೆಳೆಯಲು" ಎಂದೋ ಬದಿಗೆ ಸರಿಸುವವರಿದ್ದಾರೆ. ಅದು ಥ್ರಿಲ್ಲಿಗೆ ಮಾಡುವ ಕೆಲಸಗಳ ಪಟ್ಟಿಗೆ ಸೇರುವುದೇ ಇಲ್ಲ. ಎರಡು ವಾರ ಕಾಯದೆ ನೇರ ವೈದ್ಯರ ಹತ್ತಿರ ಹೋಗಿ.

ಬರೆಯುವುದು ಅಂದರೆ ಡೈರಿ ಕದ್ದು ಓದುವುದಲ್ಲ. ಕಣ್ಣಿಗೆ ಬಿದ್ದದ್ದು, ಕಿವಿಗೆ ಕೇಳಿದ್ದು ಸಾಕು.

## ಹಂತ 4: ಮಾತುಕತೆ

ಹೆಚ್ಚಿನವರು ಸೋಲುವ ಜಾಗ ಇದು. ನಿಧಾನವಾಗಿ ಓದಿ.

ಜಾಗ. ಎದುರುಬದುರು ಕೂರಬೇಡಿ. ಅದು ವಿಚಾರಣೆಯಂತೆ ಕಾಣುತ್ತದೆ. ಅಕ್ಕಪಕ್ಕ ನಡೆಯುತ್ತಾ, ಪಾತ್ರೆ ಒರೆಸುತ್ತಾ, ಗಾಡಿಯಲ್ಲಿ ಹೋಗುತ್ತಾ ಮಾತಾಡಿ. ಕಣ್ಣಿಗೆ ಕಣ್ಣು ಕೊಡಬೇಕಿಲ್ಲದಿದ್ದರೆ ನಾಲಿಗೆ ಸಡಿಲವಾಗುತ್ತದೆ.

ಹೊತ್ತು. ಸಿಕ್ಕಿಬಿದ್ದ ಆ ರಾತ್ರಿ ಬೇಡ. ನಿಮಗೂ ಸಿಟ್ಟು, ಅವರಿಗೂ ಭಯ. "ಈಗ ಊಟ ಮಾಡಿ ಮಲಗು. ಇದರ ಬಗ್ಗೆ ನಾಳೆ ಸಂಜೆ ಮಾತಾಡೋಣ" ಎಂದು ಹೇಳಿ, ನಾಳೆ ಸಂಜೆ ಮರೆಯದೆ ಮಾತಾಡಿ. ಮರೆತರೆ ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ. ಅಕ್ಕ ತಮ್ಮಂದಿರ ಎದುರು, ನೆಂಟರ ಎದುರು ಖಂಡಿತ ಬೇಡ.

ಮೊದಲ ಮಾತು. ನಿಮಗೆ ಗೊತ್ತಿರುವುದನ್ನು ಮೊದಲೇ ಹೇಳಿಬಿಡಿ. ಬ್ಯಾಗಿನಲ್ಲಿ ವೇಪ್ ನೋಡಿ, ಆಮೇಲೆ ಏನೂ ಗೊತ್ತಿಲ್ಲದವರಂತೆ "ನೀನು ಸಿಗರೇಟು ಗಿಗರೇಟು ಸೇದ್ತೀಯಾ?" ಎಂದು ಬಲೆ ಒಡ್ಡುವುದು ಬೇಡ. ಮಗು ಇಲ್ಲ ಅನ್ನುತ್ತದೆ. ಆಮೇಲೆ ಮಾತು ವೇಪ್ ಬಿಟ್ಟು ಸುಳ್ಳಿನ ಕಡೆಗೆ ತಿರುಗುತ್ತದೆ. ಹೀಗೆ ಶುರು ಮಾಡಿ:

"ಬಟ್ಟೆ ಒಗೆಯಲು ತೆಗೆಯುವಾಗ ಬ್ಯಾಗಿನಲ್ಲಿ ವೇಪ್ ನೋಡಿದೆ. ನನಗೆ ಭಯ ಆಯ್ತು. ಬೈಯೋಕೆ ಕರೆದಿಲ್ಲ. ಹೇಗೆ ಶುರುವಾಯ್ತು ಅಂತ ಹೇಳ್ತೀಯಾ?"

"ಅದು ನಂದಲ್ಲಮ್ಮ. ಫ್ರೆಂಡ್‌ದು."

ಇಲ್ಲಿ ಜಗಳಕ್ಕೆ ಇಳಿಯಬೇಡಿ. ಯಾರದು ಎಂದು ಸಾಬೀತು ಮಾಡಲು ಇದು ಕೋರ್ಟಲ್ಲ.

"ಸರಿ. ಆ ಫ್ರೆಂಡ್‌ಗೆ ಅದರಲ್ಲಿ ಏನು ಇಷ್ಟ ಅಂತೆ?"

ಈ ಪ್ರಶ್ನೆಗೆ ಮಕ್ಕಳು ಉತ್ತರ ಕೊಡುತ್ತಾರೆ. "ಟೆನ್ಷನ್ ಕಡಿಮೆ ಆಗುತ್ತಂತೆ." "ಎಲ್ಲರೂ ಮಾಡ್ತಾರಂತೆ." ಗೆಳೆಯನ ಹೆಸರಿನಲ್ಲಿ ಬರುವುದು ಎಷ್ಟೋ ಸಲ ತನ್ನದೇ ಕತೆ. ಹಾಗೆಂದು "ಅಂದ್ರೆ ನಿಂದೇ ಅಲ್ವಾ!" ಎಂದು ಹಿಡಿದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು.

ಮೌನ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಆ ಖಾಲಿ ಹೊತ್ತು ನಿಮಗೆ ಯುಗದಂತೆ ಅನ್ನಿಸುತ್ತದೆ. ತುಂಬಲು ಹೋಗಬೇಡಿ. ಮಗು ಮಾತು ಹುಡುಕುತ್ತಿರುತ್ತದೆ.

ಅಂಕದ ಪ್ರಶ್ನೆ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ರೂಪಿಸಿದ ಸಮಾಲೋಚನಾ ವಿಧಾನದಲ್ಲಿ ಒಂದು ಸಣ್ಣ ಉಪಕರಣವಿದೆ. ಮನೆಯಲ್ಲೂ ಕೆಲಸಕ್ಕೆ ಬರುತ್ತದೆ. "ಇದನ್ನು ಬಿಡೋದು ನಿನಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರಲ್ಲಿ ಹೇಳು." ಮಗು "ನಾಲ್ಕು" ಅನ್ನುತ್ತದೆ ಅಂದುಕೊಳ್ಳಿ. ನಮ್ಮ ಬಾಯಿಗೆ ಬರುವ ಮಾತು "ಬರೀ ನಾಲ್ಕಾ? ಯಾಕೆ ಹತ್ತಲ್ಲ?" ಹಾಗೆ ಕೇಳಿದರೆ ಬಿಡದಿರಲು ಕಾರಣಗಳ ಪಟ್ಟಿ ಬರುತ್ತದೆ. "ಒಂದು ಅನ್ನಲಿಲ್ವಲ್ಲ, ನಾಲ್ಕು ಅಂದೆ. ಯಾಕೆ?" ಎಂದು ಕೇಳಿ. ಆಗ ಬಿಡಲು ಕಾರಣಗಳನ್ನು ಮಗುವೇ ಹೇಳುತ್ತದೆ: "ಓಡುವಾಗ ಉಸಿರು ಕಟ್ಟುತ್ತೆ." "ಕೋಚ್‌ಗೆ ಗೊತ್ತಾದ್ರೆ ಟೀಮಿಂದ ತೆಗೀತಾರೆ." ತನ್ನ ಬಾಯಿಂದ ಬಂದ ಕಾರಣ ನೀವು ಹೇಳುವ ಹತ್ತು ಕಾರಣಕ್ಕಿಂತ ಗಟ್ಟಿ.

ಮುಗಿಸುವುದು. ಒಂದೇ ಕೂರಾಟದಲ್ಲಿ ಎಲ್ಲ ಬಗೆಹರಿಸುವ ಹಟ ಬೇಡ. ಹದಿನೈದು ಇಪ್ಪತ್ತು ನಿಮಿಷ ಸಾಕು. "ಹೇಳಿದ್ದಕ್ಕೆ ಒಳ್ಳೇದಾಯ್ತು. ಇನ್ನೊಂದು ಸಲ ಮಾತಾಡೋಣ" ಎಂದು ಎದ್ದುಬಿಡಿ. ಆಣೆ ಹಾಕಿಸಿಕೊಳ್ಳಬೇಡಿ. ಆಣೆ ಮುರಿದ ಮಗು ಮುಂದಿನ ಸಲ ಬಂದು ಹೇಳುವುದೇ ಇಲ್ಲ.

ಬೇಡದ ಮಾತುಗಳು: "ನಿನ್ನ ವಯಸ್ಸಿನಲ್ಲಿ ನಾನು...", "ಪಕ್ಕದ ಮನೆಯವರ ಮಗ ನೋಡು", "ನಿನ್ನಿಂದ ಮಾನ ಹೋಯ್ತು", "ನಿನ್ನ ಫ್ರೆಂಡ್ಸೇ ಸರಿ ಇಲ್ಲ". ಕೊನೆಯದು ನಿಜವೇ ಇರಬಹುದು. ಆದರೂ ಗೆಳೆಯರನ್ನು ಬೈದರೆ ಮಗು ಅವರ ವಕೀಲನಾಗಿ ನಿಲ್ಲುತ್ತದೆ.

## ಹಂತ 5: ನಿಯಮ ಕಡಿಮೆ ಇರಲಿ, ಖಚಿತವಾಗಿರಲಿ

ಮಾತುಕತೆ ಆದ ಮೇಲೆ ಮಾತ್ರ ನಿಯಮ. ಮೂರೋ ನಾಲ್ಕೋ ಸಾಕು. ಇಪ್ಪತ್ತು ನಿಯಮ ಮಾಡಿದರೆ ಎಲ್ಲವನ್ನೂ ಕಾಯುವ ಶಕ್ತಿ ನಿಮಗೂ ಇರುವುದಿಲ್ಲ.

ಜೀವಕ್ಕೆ ಸಂಬಂಧಿಸಿದ್ದರಲ್ಲಿ ಚೌಕಾಸಿ ಇಲ್ಲ: ಕುಡಿದವರ ಗಾಡಿ ಹತ್ತುವಂತಿಲ್ಲ, ಹೆಲ್ಮೆಟ್ ಇಲ್ಲದೆ ಬೈಕ್ ಇಲ್ಲ, ಲೈಸೆನ್ಸ್ ಇಲ್ಲದೆ ಓಡಿಸುವಂತಿಲ್ಲ. ಕೂದಲು, ಬಟ್ಟೆ, ಹಾಡು, ಕೋಣೆಯ ಗಲೀಜು ಇವೆಲ್ಲ ಚೌಕಾಸಿಗೆ ಬಿಟ್ಟದ್ದು. ನಿಜ ಹೇಳಬೇಕೆಂದರೆ ಅಲ್ಲಿ ನೀವು ಸೋಲುವುದೇ ಒಳ್ಳೆಯದು. ಸಣ್ಣದರಲ್ಲಿ ಗೆದ್ದ ಮಗು ದೊಡ್ಡದರಲ್ಲಿ ಮಾತು ಕೇಳುತ್ತದೆ.

ಸ್ವಾತಂತ್ರ್ಯ ಮೆಟ್ಟಿಲು ಮೆಟ್ಟಿಲಾಗಿ ಸಿಗಲಿ. ಹಲವು ದೇಶಗಳ ಡ್ರೈವಿಂಗ್ ಲೈಸೆನ್ಸ್ ಪದ್ಧತಿ ಇದೇ ತತ್ವದ್ದು. ಹೊಸದಾಗಿ ಕಲಿತ ಹದಿಹರೆಯದವರಿಗೆ ಮೊದಮೊದಲು ರಾತ್ರಿ ಓಡಿಸಲು, ಓರಗೆಯವರನ್ನು ಕೂರಿಸಿಕೊಳ್ಳಲು ನಿರ್ಬಂಧ. ಅನುಭವ ಬಂದಂತೆ ಅದು ಸಡಿಲವಾಗುತ್ತದೆ. ಈ ಪದ್ಧತಿ ತಂದ ಕಡೆ ಎಳೆಯ ಚಾಲಕರ ಅಪಘಾತಗಳು ಇಳಿದವು. ಮನೆಯಲ್ಲೂ ಹಾಗೇ ಮಾಡಿ: ಮೊದಲು ಹಗಲು, ಗೊತ್ತಿರುವ ಜಾಗ, ಇಬ್ಬರು ಗೆಳೆಯರು. ತಿಂಗಳು ಸರಿಯಾಗಿ ನಡೆದರೆ ಒಂದು ಗಂಟೆ ಜಾಸ್ತಿ.

ನಿಯಮ ಮುರಿದರೆ ಏನಾಗುತ್ತದೆ ಎಂದು ಮೊದಲೇ, ಮಗುವಿನ ಜೊತೆ ಕೂತು, ತಣ್ಣಗೆ ತೀರ್ಮಾನಿಸಿ. ಪರಿಣಾಮ ಚಿಕ್ಕದಿರಲಿ, ತಪ್ಪಿಗೆ ಸಂಬಂಧಪಟ್ಟಿರಲಿ, ಬೇಗ ಮುಗಿಯಲಿ. ಬೈಕಿನಲ್ಲಿ ತಪ್ಪು ಮಾಡಿದರೆ ಎರಡು ವಾರ ಬೈಕ್ ಇಲ್ಲ. ಅದಕ್ಕೆ ಕ್ರಿಕೆಟ್ ನಿಲ್ಲಿಸುವುದು, ಆರು ತಿಂಗಳು ಮನೆಯಲ್ಲೇ ಕೂರಿಸುವುದು ಬೇಡ. ಹೊಡೆಯುವುದಂತೂ ಬೇಡವೇ ಬೇಡ. ಹೊಡೆತ ಬಿದ್ದರೆ ಮಗು ಅಪಾಯದಿಂದ ದೂರವಾಗುವುದಿಲ್ಲ, ನಿಮ್ಮಿಂದ ದೂರವಾಗುತ್ತದೆ.

ಅಪ್ಪ ಒಂದು, ಅಮ್ಮ ಇನ್ನೊಂದು ಹೇಳುವ ಮನೆಯಲ್ಲಿ ಈ ಹಂತ ನಿಲ್ಲುವುದಿಲ್ಲ. ನೀವಿಬ್ಬರೂ ಮೊದಲು ಒಪ್ಪಿಕೊಂಡು ಆಮೇಲೆ ಹೇಳಿ.

## ಹಂತ 6: ತಪ್ಪಿಸಿಕೊಳ್ಳುವ ದಾರಿ ಕಟ್ಟಿಕೊಡಿ

"ಬೇಡ ಅಂತ ಹೇಳು" ಎಂದು ಕಲಿಸುವುದು ಸುಲಭ. ಏಳು ಜನ ಗೆಳೆಯರು ನೋಡುತ್ತಿರುವಾಗ ಹೇಳುವುದು ಬಹಳ ಕಷ್ಟ. ಮುಖ ಉಳಿಸಿಕೊಂಡು ಜಾರಿಕೊಳ್ಳುವ ದಾರಿ ಬೇಕು.

ಮೊದಲು ಒಂದು ಗುಟ್ಟಿನ ಮೆಸೇಜ್ ಗೊತ್ತು ಮಾಡಿಕೊಳ್ಳಿ. ಒಂದು ಅಕ್ಷರವೋ, ಒಂದು ಇಮೋಜಿಯೋ. ಅದು ಬಂದ ತಕ್ಷಣ ನೀವು ಫೋನ್ ಮಾಡಿ "ಈಗಲೇ ಮನೆಗೆ ಬಾ, ಅರ್ಜೆಂಟ್" ಎಂದು ಜೋರಾಗಿ ಹೇಳಬೇಕು, ಹೋಗಿ ಕರೆದುಕೊಂಡೂ ಬರಬೇಕು. ಗೆಳೆಯರ ಮುಂದೆ ಕೆಟ್ಟವರು ನೀವಾಗಿ, ಪರವಾಗಿಲ್ಲ.

ಕರೆತರುವಾಗ ಮಾತ್ರ ಪ್ರಶ್ನೆ ಕೇಳಬೇಡಿ. ಆ ರಾತ್ರಿ ಒಂದೂ ಬೇಡ. ಈ ವ್ಯವಸ್ಥೆ ಕೆಡುವುದು ಇಲ್ಲೇ. ಮೊದಲ ಸಲ ಕರೆ ಬಂದಾಗ ದಾರಿಯುದ್ದಕ್ಕೂ ಬೈದುಕೊಂಡು ಬಂದರೆ ಎರಡನೇ ಸಲ ಕರೆ ಬರುವುದಿಲ್ಲ. ಮರುದಿನ ಮಾತಾಡಿ, ಕರೆ ಮಾಡಿದ್ದಕ್ಕೆ ಮೊದಲು ಶಹಬ್ಬಾಸ್ ಹೇಳಿ.

ಜೊತೆಗೆ ಎರಡು ಮೂರು ಮಾತು ಅಭ್ಯಾಸ ಮಾಡಿಸಿ. "ನಾಳೆ ಮ್ಯಾಚ್ ಇದೆ ಮಗಾ, ಬೇಡ." "ಹೋದ ಸಲ ಸಿಕ್ಕಿಬಿದ್ದೆ, ಅಪ್ಪ ಈಗ ಬಾಯಿ ವಾಸನೆ ನೋಡ್ತಾರೆ." "ನೀನು ಓಡಿಸು, ನಾನು ವಿಡಿಯೋ ಮಾಡ್ತೀನಿ" ಎಂಬುದನ್ನು ಮಾತ್ರ ಕಲಿಸಬೇಡಿ. ಗೆಳೆಯರು ನೋಡುತ್ತಿದ್ದಾರೆ ಎಂಬುದೇ ಓಡಿಸುವವನಿಗೆ ಕಿಚ್ಚು, ಕ್ಯಾಮೆರಾ ಅದನ್ನು ಇನ್ನೂ ಏರಿಸುತ್ತದೆ. ಮನೆಯಲ್ಲಿ ನೀವು ಒತ್ತಾಯಿಸುವ ಗೆಳೆಯನಾಗಿ ನಟಿಸಿ, ಮಗು ಜಾರಿಕೊಳ್ಳಲಿ. ಮೊದಲು ನಗು ಬರುತ್ತದೆ, ಬರಲಿ. ಬಾಯಿಗೆ ರೂಢಿಯಾದ ಮಾತೇ ಗಡಿಬಿಡಿಯಲ್ಲಿ ಹೊರಗೆ ಬರುವುದು.

ಆನ್‌ಲೈನಿನಲ್ಲಿ ಯಾರಾದರೂ ಫೋಟೋ ಇಟ್ಟುಕೊಂಡು ಬೆದರಿಸಿದರೆ ಏನು ಮಾಡಬೇಕು ಎಂಬುದೂ ಈಗಲೇ ಗೊತ್ತಿರಲಿ: ಹಣ ಕೊಡಬೇಡ, ಇನ್ನೊಂದು ಫೋಟೋ ಕಳಿಸಬೇಡ, ಚಾಟ್ ಅಳಿಸಬೇಡ, ನೇರ ನನ್ನ ಹತ್ತಿರ ಬಾ. "ಬಂದರೆ ಬೈಯಲ್ಲ" ಎಂಬ ಮಾತನ್ನು ಅಂಥದ್ದು ನಡೆಯುವ ಮೊದಲೇ ಕೊಟ್ಟಿಡಿ.

## ಹಂತ 7: ಸಾಹಸಕ್ಕೆ ಬೇರೆ ಜಾಗ ಕೊಡಿ

ಸಾಹಸದ ಹಸಿವು ಕಾಯಿಲೆಯಲ್ಲ. ಹೊಸದನ್ನು ಕಲಿಯಲು, ಮನೆಯ ಆಚೆ ಬದುಕು ಕಟ್ಟಲು ಆ ಹಸಿವೇ ಬೇಕು. ಅದನ್ನು ಒತ್ತಿಟ್ಟರೆ ಬೇರೆಲ್ಲೋ ಸಿಡಿಯುತ್ತದೆ. ಬಂಡೆ ಹತ್ತುವುದು, ಕುಸ್ತಿ, ಈಜು, ದೂರದ ಸೈಕಲ್ ಸವಾರಿ, ವೇದಿಕೆ ಮೇಲೆ ನಾಟಕ, ಭಾಷಣ, ಒಬ್ಬನೇ ಬಸ್ಸು ರೈಲಿನಲ್ಲಿ ಪ್ರಯಾಣ. ಎದೆ ಢವಢವ ಅನ್ನಬೇಕು, ಸೋಲುವ ಸಾಧ್ಯತೆ ಇರಬೇಕು, ನೋಡುವವರೂ ಇರಬೇಕು. ಈ ಮೂರೂ ಇಲ್ಲದ "ಒಳ್ಳೆಯ ಹವ್ಯಾಸ" ವೀಲಿಂಗಿಗೆ ಬದಲಿಯಾಗುವುದಿಲ್ಲ. ವೀಲಿಂಗ್ ಮಾಡುವ ಹುಡುಗನನ್ನು ಅಂಚೆಚೀಟಿ ಸಂಗ್ರಹಕ್ಕೆ ಹಚ್ಚಿದರೆ ಆಗುತ್ತದೆಯೇ?

ಆಯ್ಕೆ ಮಗುವಿನದೇ ಆಗಿರಲಿ, ಹೊತ್ತು ಮಾತ್ರ ನಿಮ್ಮ ನೋಟ್‌ಬುಕ್ಕಿನಲ್ಲಿ ಕಂಡ ಆ ಖಾಲಿ ಗಂಟೆಗಳಿಗೆ ಹೊಂದಲಿ.

## ಹಂತ 8: ಮತ್ತೆ ಜಾರಿದಾಗ

ಜಾರುತ್ತಾರೆ. ಅದರಲ್ಲೂ ನಿಕೋಟಿನ್ ರೂಢಿಯಾಗಿದ್ದರೆ ಒಂದೇ ಪ್ರಯತ್ನಕ್ಕೆ ಬಿಡುವುದು ಅಪರೂಪ. ಮತ್ತೆ ಶುರುವಾಯಿತು ಎಂದರೆ ಮೂರನೇ ಹಂತಕ್ಕೆ ಮರಳಿ: ಅದಕ್ಕಿಂತ ಮೊದಲು ಏನಾಗಿತ್ತು, ಯಾರಿದ್ದರು, ಏನು ಸಿಕ್ಕಿತು? ಗೊತ್ತು ಮಾಡಿದ ಪರಿಣಾಮ ಜಾರಿಗೆ ಬರಲಿ. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮಗು ತಾನಾಗಿ ಬಂದು ಹೇಳಿದ್ದರೆ ಪರಿಣಾಮ ಅರ್ಧಕ್ಕಿಳಿಯಲಿ. ಹೇಳಿದ್ದಕ್ಕೆ ಬೆಲೆ ಇದೆ ಎಂದು ಗೊತ್ತಾಗಬೇಕು.

## ಶಿಕ್ಷಕರಿಗೆ ಪ್ರತ್ಯೇಕವಾಗಿ

ಶಾಲೆಗಳಲ್ಲಿ ಬೆದರಿಸುವ ಕಾರ್ಯಕ್ರಮಗಳಿಗೆ ಭಾರೀ ಬೇಡಿಕೆ. ಅಪಘಾತದ ರಕ್ತದ ಚಿತ್ರ, ಕೈದಿಗಳ ಭಾಷಣ. ಅಮೆರಿಕದಲ್ಲಿ 1970ರ ದಶಕದಿಂದ ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಹೆದರಿಸುವ ಕಾರ್ಯಕ್ರಮಗಳು ನಡೆದವು. ಅವುಗಳ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಕಂಡದ್ದು ಏನೆಂದರೆ, ಹೋಗಿ ಬಂದವರಲ್ಲಿ ಅಪರಾಧ ಇಳಿಯುವ ಬದಲು ಏರಿತ್ತು. ಏನೂ ಮಾಡದೆ ಇದ್ದಿದ್ದರೇ ವಾಸಿಯಿತ್ತು.

ತರಗತಿಯಲ್ಲಿ "ನಿಮ್ಮಲ್ಲಿ ತುಂಬಾ ಜನ ಸೇದುತ್ತೀರಿ ಅಂತ ಗೊತ್ತು" ಎನ್ನಬೇಡಿ. ಎಲ್ಲರೂ ಮಾಡುತ್ತಾರೆ ಎಂಬ ನಂಬಿಕೆಯೇ ಎಷ್ಟೋ ಮಕ್ಕಳನ್ನು ಎಳೆಯುತ್ತದೆ, ಅದಕ್ಕೆ ನಿಮ್ಮ ಮುದ್ರೆ ಬೀಳುತ್ತದೆ. ಚಾಲೆಂಜುಗಳ ಹೆಸರು, ಮಾಡುವ ವಿಧಾನ ವಿವರಿಸಿ ಎಚ್ಚರಿಸುವುದೂ ಬೇಡ. ಗೊತ್ತಿಲ್ಲದವರಿಗೆ ಅದೇ ಜಾಹೀರಾತು.

ಸಿಕ್ಕಿಬಿದ್ದ ಮಕ್ಕಳನ್ನು ಒಂದೇ ಗುಂಪು ಮಾಡಿ "ಸರಿಪಡಿಸುವ ಕ್ಲಾಸ್" ನಡೆಸುವುದೂ ಅಪಾಯ. ಅಲ್ಲಿ ಒಬ್ಬರಿಗೊಬ್ಬರು ಹೀರೋಗಳಾಗುತ್ತಾರೆ. ಶಾಲೆಯಿಂದ ಅಮಾನತು ಮಾಡಿದರೆ ಯಾರೂ ನೋಡಿಕೊಳ್ಳದ ಗಂಟೆಗಳು ಇನ್ನೂ ಹೆಚ್ಚುತ್ತವೆ. ಪ್ರತಿ ವಿದ್ಯಾರ್ಥಿಗೂ ಹೆಸರು ಹಿಡಿದು ಕರೆಯುವ, ಎರಡು ದಿನ ಬರದಿದ್ದರೆ ವಿಚಾರಿಸುವ ಒಬ್ಬ ಶಿಕ್ಷಕರು ಇದ್ದಾರೆಯೇ ಎಂದು ಪಟ್ಟಿ ಮಾಡಿ ನೋಡಿ. ಯಾರ ಪಟ್ಟಿಯಲ್ಲೂ ಇಲ್ಲದ ಮಕ್ಕಳ ಹೆಸರು ಮೊದಲು ಹಂಚಿಕೊಳ್ಳಿ.

## ವೈದ್ಯರ ಹತ್ತಿರ ಹೋಗಲೇಬೇಕಾದ ಸೂಚನೆಗಳು

ಒಂದೊಂದು ದಿನದ ಮುನಿಸು, ಬಾಗಿಲು ಬಡಿಯುವುದು ಈ ಪಟ್ಟಿಯಲ್ಲಿ ಇಲ್ಲ. ಎರಡು ವಾರ ದಾಟಿಯೂ ಉಳಿಯುವ ಬದಲಾವಣೆ ನೋಡಿ: ಹಳೆಯ ಗೆಳೆಯರನ್ನೆಲ್ಲ ಬಿಟ್ಟಿರುವುದು, ಇಷ್ಟದ ಆಟವೂ ಬೇಡವಾಗಿರುವುದು, ನಿದ್ದೆ ಊಟ ಕೆಟ್ಟಿರುವುದು, ಅಂಕ ದಿಢೀರ್ ಕುಸಿದಿರುವುದು, ಮನೆಯಲ್ಲಿ ಹಣ ಕಾಣೆಯಾಗುವುದು, ಸೆಕೆಯಲ್ಲೂ ತುಂಬು ತೋಳಿನ ಅಂಗಿ.

ಮದ್ಯ, ಮಾದಕ ವಸ್ತುವಿನ ವಿಷಯಕ್ಕೆ 12ರಿಂದ 21 ವರ್ಷದವರಿಗಾಗಿ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಪರೀಕ್ಷೆಯನ್ನು ವೈದ್ಯರು ಬಳಸುತ್ತಾರೆ. ನಶೆಯಲ್ಲಿದ್ದವರು (ನೀನೂ ಸೇರಿ) ಓಡಿಸುವ ಗಾಡಿಯಲ್ಲಿ ಹೋಗಿದ್ದೀಯಾ? ಹಗುರಾಗಲು ಅಥವಾ ಗುಂಪಿಗೆ ಸೇರಲು ಬಳಸುತ್ತೀಯಾ? ಒಬ್ಬನೇ ಇದ್ದಾಗ ಬಳಸುತ್ತೀಯಾ? ಆಗ ಮಾಡಿದ್ದು ಮರೆತುಹೋಗುತ್ತದೆಯಾ? ಮನೆಯವರು, ಗೆಳೆಯರು ಕಡಿಮೆ ಮಾಡು ಅಂದಿದ್ದಾರಾ? ಅದರಿಂದ ತೊಂದರೆಗೆ ಸಿಲುಕಿದ್ದೀಯಾ? ಎರಡು ಅಥವಾ ಹೆಚ್ಚು "ಹೌದು" ಬಂದರೆ ಆಳವಾದ ತಪಾಸಣೆ ಬೇಕು ಎಂದರ್ಥ. ಇದನ್ನು ನೀವೇ ಕೇಳಿ ತೀರ್ಪು ಕೊಡಲು ಹೋಗಬೇಡಿ. ಯಾವುದನ್ನು ಹಗುರವಾಗಿ ನೋಡಬಾರದು ಎಂದು ತಿಳಿಯಲು ಇಟ್ಟುಕೊಳ್ಳಿ.

"ನಾನಿಲ್ಲದಿದ್ದರೆ ಒಳ್ಳೇದು" ಎಂಬಂಥ ಮಾತು, ಇಷ್ಟದ ವಸ್ತುಗಳನ್ನು ಹಂಚುವುದು, ವಿದಾಯದಂಥ ಮೆಸೇಜ್ ಕಂಡರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಆಲೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೇಳಿದಾಗ ಎಷ್ಟೋ ಮಕ್ಕಳಿಗೆ ಹೊರೆ ಇಳಿದಂತಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ದೂರ ಮಾಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತಾಡಬೇಕು ಅಂದರೆ ಆಚೆ ಬನ್ನಿ. ಹೊರಗೆ ಬಂದ ಮೇಲೆ "ಏನು ಹೇಳಿದೆ?" ಎಂದು ಕೆದಕಬೇಡಿ. ಮಗು ಬರಲು ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ. ನೀವು ಬರೆದಿಟ್ಟದ್ದನ್ನು ತೋರಿಸಿ, ಮುಂದೆ ಹೇಗೆ ಕರೆತರುವುದು ಎಂದು ಅವರನ್ನೇ ಕೇಳಿ. ಬಂದ ಮೇಲೆ ಮಗುವಿಗೆ ಹೇಳಿ: "ನಾನು ಡಾಕ್ಟರ್ ಹತ್ರ ಹೋಗಿದ್ದೆ. ಮುಂದಿನ ವಾರ ಇನ್ನೊಂದು ಸಲ ಹೋಗ್ತಿದ್ದೀನಿ, ನೀನೂ ಬರಬಹುದು."